ಆಲೂಗಡ್ಡೆಯ ಅಂಗಮಾರಿಗೆ ಬೆಳ್ಳುಳ್ಳಿ ರಸ

ಮಳೆಯೂ ಮಂಜೂ ಒಟ್ಟಿಗೆ ಬಂದರೆ ನೀಲಗಿರಿಯ ಆಲೂಗಡ್ಡೆ ಬೆಳೆಗಾರರಿಗೆ ನಿದ್ರೆ ಬಾರದು. ಎಲೆಯಂಚಿನಲ್ಲಿ ನೀರು ಹೀರಿದಂಥ ಕಪ್ಪು ಮಚ್ಚೆ, ಬೆಳಿಗ್ಗೆ ಎಲೆಯಡಿಯಲ್ಲಿ ಬಿಳಿ ಬೂಸ್ಟು. ಕೆಲವೇ ದಿನಗಳಲ್ಲಿ ಹೊಲವೆಲ್ಲ ಸುಟ್ಟಂತಾಗುತ್ತದೆ. ಇದೇ ಅಂಗಮಾರಿ. 1845ರಿಂದ ಐರ್ಲೆಂಡಿನಲ್ಲಿ ಸುಮಾರು 10 ಲಕ್ಷ ಜನರನ್ನು ಬಲಿ ತೆಗೆದುಕೊಂಡ ಕ್ಷಾಮಕ್ಕೆ ಕಾರಣವಾದದ್ದೂ ಇದೇ ರೋಗ. ನಮ್ಮ ಬೆಟ್ಟದಲ್ಲಿ ವರ್ಷಕ್ಕೆ ಮೂರು ಬೆಳೆ ತೆಗೆಯುವುದರಿಂದ ರೋಗವು ಒಂದು ಹೊಲದಿಂದ ಇನ್ನೊಂದಕ್ಕೆ ದಾಟುತ್ತಾ ವರ್ಷವಿಡೀ ಉಳಿಯುತ್ತದೆ.

ಔಷಧಿಯ ಖರ್ಚಿಗೆ ಬೇಸತ್ತವರು ಬೆಳ್ಳುಳ್ಳಿ ರಸವನ್ನು ನೆಚ್ಚಬಹುದೇ ಎಂದು ಕೇಳುವುದುಂಟು. ಗಿಡಗಳಲ್ಲಿ ಔಷಧಿ ಇರುವುದು ನಿಜ. 1940ರಲ್ಲಿ ಜರ್ಮನಿಯ ಮ್ಯೂಲರ್ ಮತ್ತು ಬೋರ್ಗರ್ ಎಂಬ ವಿಜ್ಞಾನಿಗಳು ಇದೇ ರೋಗವನ್ನು ಆಲೂಗಡ್ಡೆಗೆ ತಗುಲಿಸಿ ನೋಡಿದರು. ಒಮ್ಮೆ ಸೋಂಕನ್ನು ತಡೆದ ಗಡ್ಡೆಯು, ಆಮೇಲೆ ಅದೇ ಜಾಗಕ್ಕೆ ಹಾಕಿದ ಬಲವಾದ ರೋಗಾಣುವನ್ನೂ ಬೆಳೆಯಗೊಡಲಿಲ್ಲ. ಗಡ್ಡೆ ತಾನೇ ತಯಾರಿಸಿಕೊಳ್ಳುವ ಆ ವಸ್ತುವಿಗೆ ಅವರು ಫೈಟೊಅಲೆಕ್ಸಿನ್ ಎಂದು ಹೆಸರಿಟ್ಟರು.

ಬೆಳ್ಳುಳ್ಳಿಯ ಕ್ರಮ ಬೇರೆ. ಇಡೀ ಎಸಳಿಗೆ ಅಷ್ಟಾಗಿ ವಾಸನೆಯಿಲ್ಲ. ಜಜ್ಜಿದಾಗ ಅದರೊಳಗೆ ಬೇರೆಬೇರೆಯಾಗಿದ್ದ ಆಲಿಯಿನ್ ಮತ್ತು ಒಂದು ಕಿಣ್ವ ಕೂಡಿ ಆಲಿಸಿನ್ ಆಗುತ್ತದೆ. ಘಾಟೂ ಅದರದೇ, ಗುಣವೂ ಅದರದೇ. ಮೊದಲೇ ಕುದಿಸಿದರೆ ಕಿಣ್ವ ಸಾಯುತ್ತದೆ. ಬೆಳ್ಳುಳ್ಳಿ ಕುದಿಸಿ ಸಿಂಪಡಿಸುವವರು ಹೊಲಕ್ಕೆ ಸಾರು ಬಡಿಸಿದಂತೆಯೇ ಸರಿ! ಹಸಿಯಾಗಿ ಜಜ್ಜಿ, ಹತ್ತು ನಿಮಿಷ ಬಿಟ್ಟು, ತಣ್ಣೀರಿನಲ್ಲಿ ಕಲಸಿ ಸೋಸಿ ಅಂದೇ ಬಳಸಬೇಕು. ಮೊದಲು ಎರಡು ಮೂರು ಗಿಡಕ್ಕೆ ಹಾಕಿ ಎಲೆ ಸುಡುವುದೇ ಎಂದು ನೋಡಿರಿ.

ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆಳ್ಳುಳ್ಳಿ ರಸ ಟೊಮೇಟೊ ಗಿಡದಲ್ಲಿ ಈ ರೋಗವನ್ನು ತಗ್ಗಿಸಿತು. ಆದರೆ ಹೊಲದ ಮಾತೇ ಬೇರೆ. ಜುಲೈ ಮಳೆಯಲ್ಲಿ ರಸ ಎಲೆಯ ಮೇಲೆ ನಿಲ್ಲುವುದಿಲ್ಲ. ಎಲೆಯೊಳಗೆ ಹೊಕ್ಕ ರೋಗವನ್ನು ಗುಣಪಡಿಸುವುದೂ ಇಲ್ಲ. ಹಿತ್ತಿಲ ನಾಲ್ಕು ಸಾಲಿಗೆ ಬಳಸಿ ನೋಡಲು ಅಡ್ಡಿಯಿಲ್ಲ. ಸಾಲ ಮಾಡಿ ಬಿತ್ತಿದ ಎಕರೆ ಹೊಲವನ್ನು ಇದೊಂದನ್ನೇ ನಂಬಿ ಬಿಡಬೇಡಿರಿ ಎಂದೇ ನಮ್ಮ ಸಲಹೆ.

ಮಳೆಗಾಲಕ್ಕೆ ಮುಂಚಿತವಾಗಿ ಶೇಕಡಾ 1ರ ಬೋರ್ಡೋ ದ್ರಾವಣ ಹೆಚ್ಚು ಭದ್ರ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು, ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ. ಅದ್ದಿದ ಕಬ್ಬಿಣದ ಚಾಕುವಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು. ಹಳೆಯ ಔಷಧಿಯೆಂದು ಇದನ್ನು ಲೆಕ್ಕವಿಲ್ಲದೆ ಹೊಡೆಯಬೇಡಿರಿ, ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ. ಕಣ್ಣು, ಮೂಗು ಮುಚ್ಚಿಕೊಂಡೇ ಸಿಂಪಡಿಸಿರಿ. ರೋಗ ತಡೆಯುವ ತಳಿಗಳ ವಿಚಾರಕ್ಕೆ ಉದಕಮಂಡಲದ ಬಳಿ ಮುತ್ತೊರೆಯಲ್ಲಿರುವ ಆಲೂಗಡ್ಡೆ ಸಂಶೋಧನಾ ಕೇಂದ್ರವನ್ನು ಕೇಳಬಹುದು.

ಅಡಿಗೆಮನೆಯವರಿಗೂ ಒಂದು ಮಾತು. ಬಿಸಿಲು ತಗುಲಿ ಹಸಿರಾದ ಗಡ್ಡೆಯಲ್ಲಿ ಸೊಲನಿನ್ ಹೆಚ್ಚಿರುತ್ತದೆ. ಗಿಡಕ್ಕೆ ಅದು ಕಾವಲು, ನಮಗೆ ವಿಷ, ಬೇಯಿಸಿದರೂ ಹೋಗದು. ಅಂಥ ಗಡ್ಡೆಯನ್ನು ಮಕ್ಕಳಿಗೂ ದನಕ್ಕೂ ಹಾಕದೆ ಗುಂಡಿ ತೋಡಿ ಹೂಳಿರಿ.