ಹಿರಿಯರ ಪ್ರವಾಸ, ಕಿರಿಯರ ವಿಪ್ರಲಂಭ

ನಮ್ಮ ಆಲಂಕಾರಿಕರು ಶೃಂಗಾರವನ್ನು ಸಂಭೋಗವೆಂದೂ ವಿಪ್ರಲಂಭವೆಂದೂ ಎರಡಾಗಿ ವಿಭಾಗಿಸಿದರು. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ವಿಪ್ರಲಂಭಕ್ಕೆ ಪೂರ್ವರಾಗ, ಮಾನ, ಪ್ರವಾಸ, ಕರುಣ ಎಂಬ ನಾಲ್ಕು ಭೇದಗಳನ್ನು ಹೇಳುತ್ತಾನೆ. ಕಾರ್ಯದಿಂದಲೋ ಶಾಪದಿಂದಲೋ ಸಂಭ್ರಮದಿಂದಲೋ ನಲ್ಲನು ದೂರದೇಶಕ್ಕೆ ಹೋಗುವುದೇ ಪ್ರವಾಸ. (ಇಲ್ಲಿ ಸಂಭ್ರಮವೆಂದರೆ ಉತ್ಪಾತಾದಿಗಳಿಂದ ಉಂಟಾಗುವ ಕಳವಳವೇ ಹೊರತು ಹಬ್ಬದ ಸಡಗರವಲ್ಲ, ವಿದ್ಯಾರ್ಥಿಗಳು ಇಲ್ಲಿ ಎಡವುವುದುಂಟು.) ಮೇಘದೂತದ ಯಕ್ಷನು ಇದಕ್ಕೆ ಪ್ರಸಿದ್ಧ ನಿದರ್ಶನ.

ವಲಸೆ ಬಂದ ಕುಟುಂಬಗಳ ಹದಿಹರೆಯದವರ ಪ್ರಣಯವನ್ನೇ ವಸ್ತುವಾಗುಳ್ಳ ಕಾದಂಬರಿಗಳು ಅಮೆರಿಕದಲ್ಲಿ ಈಚಿನ ವರ್ಷಗಳಲ್ಲಿ ಅನೇಕ ಬಂದಿವೆ. ಅವನ್ನು ಮೇಲಿನ ಲಕ್ಷಣಕ್ಕೆ ಹೊಂದಿಸಿ ನೋಡಿದರೆ ಒಂದು ವಿಚಿತ್ರವು ಕಾಣುತ್ತದೆ. ಇಲ್ಲಿ ಪ್ರವಾಸ ಮಾಡಿದವರು ಪ್ರೇಮಿಗಳಲ್ಲ, ಅವರ ತಾಯಿತಂದೆಗಳು. ಮಕ್ಕಳು ಹುಟ್ಟುವ ಮೊದಲೋ, ಅವರು ಇನ್ನೂ ಎಳೆಯರಾಗಿದ್ದಾಗಲೋ ಆ ಪ್ರವಾಸವು ಮುಗಿದಿರುತ್ತದೆ. ಆದರೆ ಅದರ ಅಗಲಿಕೆಯು ಮಕ್ಕಳ ಪಾಲಿಗೆ ಬರುತ್ತದೆ. ಈ ಭೇದಕ್ಕೆ ಪ್ರಾಚೀನರು ಹೆಸರಿಡಲಿಲ್ಲ.

ನಿಕೋಲಾ ಯೂನ್ ಎಂಬ ಲೇಖಕಿಯ ‘ದಿ ಸನ್ ಈಸ್ ಆಲ್ಸೋ ಎ ಸ್ಟಾರ್’ (2016) ಎಂಬ ಕಾದಂಬರಿಯನ್ನು ನೋಡಬಹುದು. ಆಕೆ ಸ್ವತಃ ಜಮೈಕಾದಲ್ಲಿ ಹುಟ್ಟಿದವಳು. ಕಥೆಯು ನ್ಯೂಯಾರ್ಕ್ ನಗರದಲ್ಲಿ ಒಂದೇ ದಿನದಲ್ಲಿ ನಡೆಯುತ್ತದೆ. ನಾಯಿಕೆ ನತಾಶಾಳ ಮನೆಯವರು ಜಮೈಕಾದಿಂದ ಬಂದು ಸರಿಯಾದ ಕಾಗದಪತ್ರಗಳಿಲ್ಲದೆ ನೆಲೆಸಿದವರು. ಅಂದಿನ ರಾತ್ರಿಯೇ ಅವರನ್ನು ದೇಶದಿಂದ ಹೊರಗೆ ಕಳುಹಿಸಲಾಗುವುದು. ನಾಯಕ ಡೇನಿಯಲ್ ಕೊರಿಯಾದಿಂದ ಬಂದವರ ಮಗ. ಅವನು ವೈದ್ಯನಾಗಬೇಕೆಂಬುದು ತಂದೆತಾಯಿಗಳ ಸಂಕಲ್ಪ, ಅವನ ಒಲವು ಕವಿತೆಯ ಕಡೆಗೆ. ಇವರನ್ನು ಅಗಲಿಸಲು ಕಥೆಯಲ್ಲಿ ಖಳನಾಯಕನೊಬ್ಬನು ಬೇಕಾಗಿಯೇ ಇಲ್ಲ. ತಂದೆತಾಯಿಗಳು ಹಿಂದೆಂದೋ ಕೈಕೊಂಡ ಒಂದು ನಿರ್ಧಾರವೇ ಸಾಕು. ಯೂನಳ ಪತಿಯಾದ ಡೇವಿಡ್ ಯೂನನು 2019ರಲ್ಲಿ ಪ್ರಕಟಿಸಿದ ‘ಫ್ರ್ಯಾಂಕ್ಲಿ ಇನ್ ಲವ್’ ಎಂಬುದರಲ್ಲಿ ಕೊರಿಯಾ ಮೂಲದ ಹುಡುಗ ಹುಡುಗಿಯರಿಬ್ಬರು, ಅನ್ಯ ಜನಾಂಗದವರ ಮೇಲಿನ ತಮ್ಮ ಒಲವನ್ನು ಮರೆಮಾಚುವುದಕ್ಕಾಗಿ, ಪರಸ್ಪರ ಪ್ರೇಮಿಸುವಂತೆ ಮನೆಯವರ ಮುಂದೆ ನಟಿಸುತ್ತಾರೆ. ನಗೆಗೆ ಎಡೆಗೊಡುವ ಕಥೆಯಿದು. ಆದರೆ ನಗೆಯ ಕೆಳಗೆ ಹಿರಿಯರ ಭಯವಿದೆ. ನೆಲವನ್ನೂ ನೆಂಟರನ್ನೂ ಬಿಟ್ಟು ಬಂದವರಿಗೆ ಕೈಯಲ್ಲಿ ಉಳಿದಿರುವುದು ಮನೆಮಾತು ಮತ್ತು ಮದುವೆಯ ಕಟ್ಟಳೆ, ಇವೆರಡೇ. ಅವೂ ಜಾರಿದರೆ ತಾವು ಬಂದದ್ದೇ ವ್ಯರ್ಥವೆಂಬ ಅಳಲು ಅವರದು. ಅದನ್ನು ಬರಿಯ ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಕನ್ನಡದಲ್ಲಿ ಇಂಥದ್ದುಂಟೆ? ಹದಿಹರೆಯದವರಿಗೆಂದೇ ಬರೆದ ಕಾದಂಬರಿಯ ಪರಂಪರೆಯು ನಮ್ಮಲ್ಲಿ ಬಡವಾಗಿದೆ; ಮಕ್ಕಳ ಕಥೆಯಿಂದ ನೇರವಾಗಿ ದೊಡ್ಡವರ ಕಾದಂಬರಿಗೆ ನೆಗೆಯಬೇಕು. ಆದರೆ ವಸ್ತುವು ನಮಗೆ ಹೊಸದಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಐತ ಮತ್ತು ಪೀಂಚಲು ಘಟ್ಟದ ಕೆಳಗಿನಿಂದ ಮಲೆನಾಡಿಗೆ ದುಡಿಯಲು ಬಂದ ಕೂಲಿಯಾಳುಗಳ ಬಿಡಾರದವರು. ಆ ಕಾಲದಲ್ಲಿ ಸೇರೆಗಾರರು ಮುಂಗಡ ಹಣ ಕೊಟ್ಟು ಕರಾವಳಿಯಿಂದ ಆಳುಗಳನ್ನು ಕರೆತರುತ್ತಿದ್ದರು. ಸಾಲ ತೀರುವವರೆಗೆ ಊರು ದೂರ. ಅಂಥ ಬಿಡಾರದಲ್ಲಿ ಈ ಎಳೆಯ ದಂಪತಿಗಳು ಪರಸ್ಪರ ತೋರುವ ಒಲವಿಗೆ ಮುಚ್ಚುಮರೆಯಿಲ್ಲ. ಒಕ್ಕಲಿಗರ ದೊಡ್ಡ ಮನೆಗಳಲ್ಲಾದರೋ ಪ್ರೀತಿಗೆ ನೂರು ಕಟ್ಟು. ಒಲ್ಲದ ಮದುವೆಯಿಂದ ತಪ್ಪಿಸಿಕೊಳ್ಳಲು ಚಿನ್ನಮ್ಮನು ಮನೆಬಿಟ್ಟು ಹೊರಟಾಗ ಕಾಡಿನ ಕತ್ತಲೆಯಲ್ಲಿ ಅವಳಿಗೆ ಜೊತೆಯಾಗಿ ಮುಕುಂದಯ್ಯನಲ್ಲಿಗೆ ಕರೆದೊಯ್ಯುವವಳು ಇದೇ ಪೀಂಚಲು. ನೆಲದೊಡೆಯರ ಮಗಳ ಪ್ರೇಮಕ್ಕೆ ದಾರಿತೋರುವವಳು ನೆಲವಿಲ್ಲದೆ ಬಂದ ಕೂಲಿಯ ಹುಡುಗಿ! ಅಮೆರಿಕದ ಕೃತಿಗಳಲ್ಲಿ ವಲಸಿಗರ ಮಗಳು ನಾಯಿಕೆ. ಇಲ್ಲಿ ನಾಯಿಕೆಯ ಸಖಿ. ಆದರೂ ಪೀಂಚಲುವಿನ ಪಾತ್ರವು ಸಖಿಯ ಅಳತೆಗೆ ಸಿಕ್ಕುವುದಿಲ್ಲ. ಶಾಕುಂತಲದ ಅನಸೂಯೆಗೂ ಪ್ರಿಯಂವದೆಗೂ ತಮ್ಮದೇ ಆದ ಸಂಸಾರವನ್ನು ಕವಿಯು ಕೊಡಲಿಲ್ಲ, ಕುವೆಂಪು ಪೀಂಚಲುವಿಗೆ ಕೊಟ್ಟಿದ್ದಾರೆ.

ದಾವಣಗೆರೆಯೂ ಬಂದವರಿಂದ ಬೆಳೆದ ಊರು. ಹತ್ತಿಯ ಗಿರಣಿಗಳಿಗೂ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಗೂ ದುಡಿಯಲು ಬಂದವರು ಹಲವರು. ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿತು, ಗಿರಣಿಗಳ ವೈಭವವೂ ಅಳಿಯಿತು. ಆದರೆ ಬಂದವರ ಮೊಮ್ಮಕ್ಕಳು ಇಲ್ಲಿಯವರಾದರು. ಕೆ.ಬಿ. ಬಡಾವಣೆಯ ಆಸುಪಾಸಿನ ಯಾವ ತರಗತಿಯಲ್ಲಿ ಕೇಳಿದರೂ ಮನೆಯಲ್ಲಿ ತೆಲುಗು, ಉರ್ದು, ಮರಾಠಿ, ಲಂಬಾಣಿ ಆಡುವ ಮಕ್ಕಳು ಸಿಕ್ಕಾರು. ಇವರಿಗೆ ಕನ್ನಡವು ತಾಯಿಯ ಮಾತಲ್ಲ, ಗೆಳೆಯರ ಮಾತು. ರೇಷನ್ ಅಂಗಡಿಯಲ್ಲೂ ಆಸ್ಪತ್ರೆಯಲ್ಲೂ ಹಿರಿಯರ ಪರವಾಗಿ ಕನ್ನಡದಲ್ಲಿ ಮಾತನಾಡುವವರು ಈ ಮಕ್ಕಳೇ. ಹಾಗೆ ಎಲ್ಲವನ್ನೂ ಮನೆಯವರಿಗೆ ಅನುವಾದಿಸಿ ಹೇಳುವ ಹುಡುಗಿಯು ಅನುವಾದಿಸದೆ ಉಳಿಸಿಕೊಳ್ಳುವ ಮೊದಲ ಸಂಗತಿಯು ಪ್ರಾಯಶಃ ತನ್ನ ಒಲವು. ಅದನ್ನು ಅವಳು ಮನಸ್ಸಿನೊಳಗೆ ಆಡಿಕೊಳ್ಳುವುದು ನಾವು ಕಲಿಸಿದ ಕನ್ನಡದಲ್ಲಿ.

ಆದಕಾರಣ ಶಾಲೆಯ ಗ್ರಂಥಾಲಯದಿಂದ ಪ್ರಣಯದ ಕಥೆಗಳನ್ನೆಲ್ಲ ತೆಗೆದಿಡಬೇಕೆಂಬ ವಾದವು ನನಗೆ ಸಮ್ಮತವಲ್ಲ. ಒಳ್ಳೆಯ ಕಥೆ ಸಿಗದಿದ್ದರೆ ಮಕ್ಕಳು ಓದದೆ ಇರುವುದಿಲ್ಲ. ಕೆಟ್ಟದ್ದನ್ನು ಓದುತ್ತಾರೆ, ಇಲ್ಲವೆ ಮೊಬೈಲಿನಲ್ಲಿ ನೋಡುತ್ತಾರೆ. ಹದಿನೆಂಟು ತುಂಬುವ ಮೊದಲೇ ಮದುವೆಗೆ ಒತ್ತಾಯಿಸಲ್ಪಡುವ ಹುಡುಗಿಗೆ, ಒಲ್ಲೆನೆನ್ನುವ ಮಾತೊಂದು ಉಂಟೆಂದು ತಿಳಿಯುವುದು ಕೆಲವೊಮ್ಮೆ ಕಥೆಯಿಂದಲೇ. ಗ್ರಂಥಾಲಯಕ್ಕೆ ದತ್ತಿ ನೀಡುವ ಮಹನೀಯರು ನಿಘಂಟುಗಳ ಜೊತೆಗೆ ಇಂಥ ಕಾದಂಬರಿಗಳಿಗೂ ಒಂದು ಅಟ್ಟಣೆಯನ್ನು ಒದಗಿಸಿಕೊಟ್ಟರೆ ಉಪಕಾರವಾದೀತು. ‘ಮಲೆಗಳಲ್ಲಿ ಮದುಮಗಳು’ ದೊಡ್ಡ ಪುಸ್ತಕ. ಪ್ರೌಢಶಾಲೆಯ ಮಕ್ಕಳಿಗೆ ಇಡಿಯಾಗಿ ಓದಿಸುವುದು ಕಷ್ಟ. ಐತ ಪೀಂಚಲುವಿನ ಪ್ರಸಂಗಗಳನ್ನಷ್ಟೇ ಆಯ್ದು, ಘಟ್ಟದ ಕೆಳಗಿನವರ ಮಾತಿನ ವರಸೆಯನ್ನು ವಿವರಿಸಿ, ವಾರಕ್ಕೆ ಒಂದು ಅವಧಿಯಂತೆ ಗಟ್ಟಿಯಾಗಿ ಓದಿಸಿದರೆ ಒಂದು ತಿಂಗಳಿನಲ್ಲಿ ಮುಗಿಯುತ್ತದೆ.