ಸಾಂಬ್ರಾದಿಂದ ಬೆಂಗಳೂರಿಗೆ ಎಷ್ಟು ಹೊತ್ತು?

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಜನರಿಗೆ ಸಮೀಪದ ವಿಮಾನ ನಿಲ್ದಾಣಗಳಲ್ಲಿ ಒಂದು ಬೆಳಗಾವಿಯ ಸಾಂಬ್ರಾ. 1942ರಲ್ಲಿ ಬ್ರಿಟಿಷ್ ವಾಯುಪಡೆಯು ನಿರ್ಮಿಸಿದ ಈ ನಿಲ್ದಾಣದಿಂದ ಬೆಂಗಳೂರಿನ ದೇವನಹಳ್ಳಿಯ ನಿಲ್ದಾಣಕ್ಕೆ ಆಕಾಶಮಾರ್ಗದಲ್ಲಿ ಎಷ್ಟು ದೂರ? ಕ್ರಮಿಸಲು ಎಷ್ಟು ಹೊತ್ತು ಬೇಕು? ಮೊದಲನೆಯ ಪ್ರಶ್ನೆಗೆ ಒಂದು ಭೂಪಟವೂ ಪ್ರೌಢಶಾಲೆಯ ಗಣಿತವೂ ಸಾಕು. ಎರಡನೆಯದು ಅಷ್ಟು ಸುಲಭವಲ್ಲ.

ಡಿಗ್ರಿಯ 60ರಲ್ಲೊಂದು ಪಾಲಿಗೆ ‘ಕಲೆ’ ಎಂದು ಹೆಸರು. (ಭೂಪಟಗಳಲ್ಲಿ ಇದನ್ನು ಮಿನಿಟು ಎಂದು ಬರೆದಿರುವುದುಂಟು, ಗಡಿಯಾರದ ನಿಮಿಷವೆಂದು ಭ್ರಮಿಸಬಾರದು.) ಅಕ್ಷಾಂಶದ ಒಂದು ಕಲೆಯೆಂದರೆ ನೆಲದ ಮೇಲೆ ಸುಮಾರು 1.85 ಕಿಲೋಮೀಟರು. ಹುಕ್ಕೇರಿಯು ಸಾಂಬ್ರಾಕ್ಕೆ ಹೆಚ್ಚುಕಡಿಮೆ ನೇರ ಉತ್ತರದಲ್ಲಿದ್ದು, ಅಕ್ಷಾಂಶಗಳ ಅಂತರವು 22 ಕಲೆಯಷ್ಟಿದೆ. ಆದುದರಿಂದ ನೇರ ದೂರ ಸುಮಾರು 41 ಕಿ.ಮೀ. ಗೋಕಾಕವಾದರೋ ಈಶಾನ್ಯಕ್ಕೆ ಇರುವುದರಿಂದ ರೇಖಾಂಶವನ್ನೂ ಗಣಿಸಬೇಕು. ರೇಖಾಂಶದ ಗೆರೆಗಳು ಧ್ರುವಗಳತ್ತ ಸಾಗಿದಂತೆ ಪರಸ್ಪರ ಸಮೀಪಿಸುತ್ತವೆ; ಆ ಕಾರಣ ರೇಖಾಂಶದ ಕಲೆಯ ಬೆಲೆಯನ್ನು ಸ್ಥಳದ ಅಕ್ಷಾಂಶದ ಕೊಸೈನಿನಿಂದ ಗುಣಿಸಬೇಕು. ಮೂಡಲಗಿಯ ವಿದ್ಯಾರ್ಥಿಗಳು ತಮ್ಮೂರಿನ ದೂರವನ್ನು ಹೀಗೆಯೇ ಕಂಡುಹಿಡಿಯಬಹುದು.

ಈಗ ಬೆಂಗಳೂರು. ಸಾಂಬ್ರಾದ ಸ್ಥಾನ ಉತ್ತರ 15 ಡಿಗ್ರಿ 52 ಕಲೆ, ಪೂರ್ವ 74 ಡಿಗ್ರಿ 37 ಕಲೆ. ದೇವನಹಳ್ಳಿಯದು ಉತ್ತರ 13 ಡಿಗ್ರಿ 12 ಕಲೆ, ಪೂರ್ವ 77 ಡಿಗ್ರಿ 42 ಕಲೆ. ಅಕ್ಷಾಂಶದ ಅಂತರ 160 ಕಲೆ, ಅಂದರೆ 296 ಕಿ.ಮೀ. ರೇಖಾಂಶದ ಅಂತರ 185 ಕಲೆ. ನಡುವಣ ಅಕ್ಷಾಂಶವಾದ 14.5 ಡಿಗ್ರಿಯ ಕೊಸೈನು 0.968 ಆದುದರಿಂದ ಇದು 332 ಕಿ.ಮೀ. ಇವೆರಡನ್ನೂ ಲಂಬಕೋನ ತ್ರಿಭುಜದ ಭುಜಗಳೆಂದು ಭಾವಿಸಿದರೆ ಕರ್ಣವು 445 ಕಿ.ಮೀ. ಭೂಮಿಯ ಗೋಲಾಕಾರದಿಂದ ಇಷ್ಟು ದೂರಕ್ಕೆ ಉಂಟಾಗುವ ವ್ಯತ್ಯಾಸ ಗಣನೀಯವಲ್ಲ.

ಹ್ರಸ್ವಮಾರ್ಗಗಳಲ್ಲಿ ಸಂಚರಿಸುವ ಎ.ಟಿ.ಆರ್. 72 ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಭಾಗಿಸಿದರೆ 53 ನಿಮಿಷ. ತರಗತಿಯಲ್ಲಿ ನಮಗೆ ಸಾಮಾನ್ಯವಾಗಿ ದೊರೆಯುವ ಉತ್ತರವೂ ಇದೇ. ಆದರೆ ವೇಳಾಪಟ್ಟಿಯಲ್ಲಿ ಒಂದು ಗಂಟೆಗೂ ಮಿಕ್ಕಿದ ಅವಧಿಯಿರುತ್ತದೆ. ವೇಳಾಪಟ್ಟಿಯ ಲೆಕ್ಕವು ವಿಮಾನವು ನಿಂತ ಜಾಗದಿಂದ ಕದಲಿದಾಗ ಆರಂಭವಾಗಿ, ಮತ್ತೆ ನಿಂತಾಗ ಮುಗಿಯುತ್ತದೆ. ನೆಲದ ಮೇಲಿನ ನಿಧಾನಗತಿಯೂ, ಪೂರ್ಣ ವೇಗವಿಲ್ಲದ ಏರಿಕೆ ಇಳಿಕೆಗಳೂ ಇದರಲ್ಲಿ ಸೇರಿವೆ.

ಇದಕ್ಕಿಂತ ಸ್ವಾರಸ್ಯವಾದ ಕಾರಣ ಗಾಳಿ. ರೆಕ್ಕೆಗಳನ್ನು ಎತ್ತುವ ಬಲವು ವಿಮಾನಕ್ಕೂ ಗಾಳಿಗೂ ಇರುವ ಸಾಪೇಕ್ಷ ವೇಗವನ್ನು ಅವಲಂಬಿಸಿದೆ. ಎದುರುಗಾಳಿಯಿದ್ದರೆ ನೆಲದ ಮೇಲಿನ ಓಟ ಕಡಿಮೆಯಾಗುವುದರಿಂದ ವಿಮಾನಗಳು ಗಾಳಿಗೆ ಮುಖಮಾಡಿಯೇ ಏರುತ್ತವೆ, ಇಳಿಯುತ್ತವೆ. ಎರಡೂ ನಿಲ್ದಾಣಗಳ ರನ್‌ವೇಗಳು ಹೆಚ್ಚುಕಡಿಮೆ ಪೂರ್ವಪಶ್ಚಿಮವಾಗಿವೆ. ಮುಂಗಾರಿನ ಪಡುವಣ ಗಾಳಿ ಬೀಸುವಾಗ, ಆಗ್ನೇಯಕ್ಕೆ ಹೋಗಬೇಕಾದ ವಿಮಾನವು ಸಾಂಬ್ರಾದಲ್ಲಿ ಪಶ್ಚಿಮಕ್ಕೆ ಏರಿ ಹಿಂದಿರುಗಬೇಕು. ದೇವನಹಳ್ಳಿಯನ್ನು ದಾಟಿ ಪೂರ್ವಕ್ಕೆ ಹೋಗಿ, ಅಲ್ಲಿಂದ ತಿರುಗಿ ಇಳಿಯಬೇಕು. ನಮ್ಮ ಕರ್ಣದ ಎರಡು ತುದಿಗಳಿಗೂ ಹೀಗೆ ಕೊಕ್ಕೆಗಳು ಬೆಳೆಯುತ್ತವೆ.

ದಾರಿಯಲ್ಲಿ ಗಾಳಿಯಿಂದ ಬರುವ ಲಾಭವು ಮರಳುವಾಗಿನ ನಷ್ಟಕ್ಕೆ ಸರಿಹೋಗುವುದೆಂದು ಹಲವರ ಎಣಿಕೆ. ಪರೀಕ್ಷಿಸೋಣ. ಗಂಟೆಗೆ 50 ಕಿ.ಮೀ. ವೇಗದ ಗಾಳಿ ನೇರವಾಗಿ ಹಿಂದಿನಿಂದ ಬೀಸಿದರೆ ವೇಗವು 550 ಆಗಿ 48.5 ನಿಮಿಷ ಸಾಕು. ಮರಳುವಾಗ 450 ಆಗಿ 59.3 ನಿಮಿಷ ಬೇಕು. ಉಳಿದದ್ದು 5 ನಿಮಿಷ, ಕಳೆದದ್ದು 6. ಎದುರುಗಾಳಿಯು ವಿಮಾನವನ್ನು ಹೆಚ್ಚು ಹೊತ್ತು ತಡೆಯುವುದೇ ಇದಕ್ಕೆ ಕಾರಣ. ಗಾಳಿಯ ವೇಗವೂ 500 ಆದರೆ ಹೋಗಲು 27 ನಿಮಿಷ ಸಾಕು. ಆದರೆ ಮರಳಿ ಬರುವ ವಿಮಾನವು ದೇವನಹಳ್ಳಿಯ ಮೇಲೆಯೇ ನಿಂತಿರುತ್ತದೆ.