ನೀರಿನ ತಂಬಿಗೆ ಕೆಳಗಿಡು



ದಿನಾ ನೀರು ಹಾಕಿದರೂ ಲಿಥಾಪ್ಸ್ ಗಿಡ ಮೆತ್ತಗಾಗಿ ಹಳದಿ ತಿರುಗಿದ್ದೇಕೆ ಎಂದು ಕೇಳಿದ್ದೀಯ. ದಿನಾ ಹಾಕಿದ್ದರಿಂದಲೇ ಹಾಗಾಗಿದೆ. ಓದಿ ಸಿಟ್ಟು ಬಂತು, ಆದರೆ ತಪ್ಪು ನಿನ್ನೊಬ್ಬನದಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ನಮ್ಮ ತಲೆಮಾರು ಬೆಳೆದದ್ದೇ ಬರದ ನೆರಳಲ್ಲಿ. 1972ರ ಬರದ ಹೊತ್ತಿಗೆ ಆಲಮಟ್ಟಿ ಅಣೆಕಟ್ಟು ಇನ್ನೂ ಮುಗಿದಿರಲಿಲ್ಲ. ಬಾವಿ ಬತ್ತಿತೆಂದರೆ ಗುಳೆ ಹೋಗುವುದೊಂದೇ ದಾರಿ. ದಾರಿಹೋಕರಿಗೆ ಅರವಟ್ಟಿಗೆ ಇಡುವುದು, ದನಕ್ಕೆ ನೀರು ತೋರಿಸಿದ ಮೇಲೆ ತಾನು ಉಣ್ಣುವುದು ನಮಗೆ ಧರ್ಮವಾಗಿತ್ತು. ಬಾಡಿದ ಜೀವ ಕಂಡೊಡನೆ ತಂಬಿಗೆಗೆ ಹೋಗುವ ಕೈ ನಿಮ್ಮ ತಲೆಮಾರಿಗೂ ಬಳುವಳಿಯಾಗಿ ಬಂದಿದೆ. ಮನುಷ್ಯರಿಗೆ, ದನಕ್ಕೆ ಅದು ಸರಿ. ಈ ಗಿಡಕ್ಕೆ ಅದೇ ಕೈ ವಿಷವಿಟ್ಟಂತೆ.

ಲಿಥಾಪ್ಸ್ ದಕ್ಷಿಣ ಆಫ್ರಿಕಾ, ನಮೀಬಿಯಾಗಳ ಕಲ್ಲುನೆಲದ ಗಿಡ. 1811ರಲ್ಲಿ ವಿಲಿಯಂ ಬರ್ಚೆಲ್ ಅದನ್ನು ಬೆಣಚುಕಲ್ಲೆಂದೇ ತಿಳಿದು ಎತ್ತಿಕೊಂಡಿದ್ದ. ಇಡೀ ಗಿಡವೆಂದರೆ ಒಂದು ಜೋಡಿ ದಪ್ಪ ಎಲೆ, ಕೆಳಗೆ ಬೇರು. ನೀರಿನ ಕಣಜ ಆ ಎಲೆಯೇ. ವರ್ಷಕ್ಕೊಮ್ಮೆ ನಡುವಿನ ಸೀಳಿನಿಂದ ಹೊಸ ಜೋಡಿ ಮೂಡಿ, ಹಳೆಯ ಎಲೆಗಳ ತೇವವನ್ನೇ ಹೀರಿ ಬೆಳೆಯುತ್ತದೆ. ಹಳೆಯವು ಸುಕ್ಕಾಗಿ ಕಾಗದದಂತೆ ಒಣಗುವುದು ಆ ಕೆಲಸ ಸರಿಯಾಗಿ ನಡೆದಿದೆ ಎಂಬುದರ ಗುರುತು. ಆಗ ನೀರು ಹಾಕಿದರೆ ಹಳೆಯವು ಒಣಗುವುದಿಲ್ಲ, ಹೊಸವು ಬಲಿಯುವುದಿಲ್ಲ. ಇಂಥ ಗಿಡಗಳು ಹಗಲು ರಂಧ್ರ ಮುಚ್ಚಿಕೊಂಡು, ರಾತ್ರಿ ತೆರೆದು ಗಾಳಿ ಎಳೆದುಕೊಂಡು, ಅದನ್ನು ಹುಳಿಯಾಗಿ ಕೂಡಿಡುತ್ತವೆ. ಒಂದು ಕಾಲಕ್ಕೆ ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದ ಬೆಂಜಮಿನ್ ಹೇನ್ ಇದರ ಸುಳಿವನ್ನು ನಮ್ಮ ದೇಶದಲ್ಲೇ ಹಿಡಿದ: ಕಾಡುಬಸಳೆ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ ಎಂಬ ಅವನ ಬರಹ 1815ರಲ್ಲಿ ಅಚ್ಚಾಯಿತು. ಇಷ್ಟು ಜಿಪುಣತನದಿಂದ ಬದುಕುವ ಜೀವಕ್ಕೆ ದಿನದ ನೀರು ಯಾಕೆ ಬೇಕು?

ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಗಿಡವನ್ನು ಒಣಗಿಸುವುದು ಕ್ರೌರ್ಯವಲ್ಲವೇ ಎನ್ನುತ್ತೀಯ. ಕಡುಬಿಸಿಲಲ್ಲಿ ಅದು ಬೆಳವಣಿಗೆ ನಿಲ್ಲಿಸಿ ನಿದ್ದೆ ಹೋಗುತ್ತದೆ. ಬೇರು ಕುಡಿಯದ ನೀರು ಬಿಸಿ ಮಣ್ಣಲ್ಲಿ ನಿಂತರೆ ಕೊಳೆ ಹತ್ತುತ್ತದೆ. ನೀರು ತಡೆಯುವುದೂ ಆರೈಕೆಯೇ ಎಂದು ಇಂಡಿಯ ಲಿಂಬೆ ಬೆಳೆಗಾರರಿಗೆ ಗೊತ್ತು. ಬಹಾರ ಹಿಡಿಯಲು, ಅಂದರೆ ಗಿಡ ಒಟ್ಟಿಗೆ ಹೂ ಬಿಡುವಂತೆ ಮಾಡಲು, ಅವರು ತೋಟಕ್ಕೆ ನೀರು ನಿಲ್ಲಿಸಿ, ಎಲೆ ಬಾಡುವ ತನಕ ಕಾಯುತ್ತಾರೆ. ಇನ್ನು ನೀನು ಹೊಲದಿಂದ ತಂದು ಕುಂಡಕ್ಕೆ ತುಂಬಿದ ಎರೆಮಣ್ಣು! ಬಿತ್ತಿದ ಮೇಲೆ ಮಳೆ ಕೈಕೊಟ್ಟರೂ ಹಿಂಗಾರಿ ಜೋಳವನ್ನು ದಡ ಸೇರಿಸುವುದು ಆ ಮಣ್ಣು ಹಿಡಿದಿಟ್ಟ ಹಸಿಯೇ. ಕುಂಡದಲ್ಲಿ ಅದೇ ಹಸಿ ಬೇರು ಕೊಳೆಸುತ್ತದೆ. ತಳಕ್ಕೆ ತೂತಿಲ್ಲದ ಪಿಂಗಾಣಿ ಬಟ್ಟಲಲ್ಲಿ ಎರೆ ತುಂಬುವ ಮುಂಚೆ, ರೈತನ ಮಗನಾಗಿ ಇಷ್ಟಾದರೂ ಹೊಳೆಯಬಾರದಿತ್ತೇ? ಬೈದೆನೆಂದು ಬೇಸರ ಮಾಡಿಕೊಳ್ಳಬೇಡ. ಜೀವವೊಂದನ್ನು ಅಕ್ಕರೆಯಿಂದ ತಂದಿಟ್ಟುಕೊಂಡಿದ್ದೀಯ, ಅದು ಉಳಿಯಲಿ ಎಂಬ ಆಸೆ ನನಗೂ ಇದೆ.

ಗಿಡ ಇಡುವುದು ಟಿ.ವಿ. ಪಕ್ಕದ ಕಪಾಟಿನಲ್ಲೋ ಕಿಟಕಿಯಲ್ಲೋ, ಆಯ್ಕೆ ನಿನ್ನದು. ಆದರೂ ಹೇಳುತ್ತೇನೆ: ಕಪಾಟಿನ ಮಬ್ಬಿನಲ್ಲಿ ಲಿಥಾಪ್ಸ್ ಬೆಳಕು ಹುಡುಕುತ್ತ ಸಣಕಲಾಗಿ ಉದ್ದವಾಗುತ್ತದೆ. ಅಲ್ಲಿ ಚೆಂದಕ್ಕೊಂದು ಬೇಕೇ ಆದರೆ ಹಾವರ್ಥಿಯಾ ಇಡು, ಅದು ಕಡಿಮೆ ಬೆಳಕನ್ನು ತಾಳಿಕೊಳ್ಳುತ್ತದೆ. ಲಿಥಾಪ್ಸನ್ನು ಬೆಳಗಿನ ಬಿಸಿಲು ಬೀಳುವ ಮೂಡಣ ಕಿಟಕಿಗೆ ಒಯ್ಯಿ. ಮೊದಲು ಕಿತ್ತು ಬುಡ ಮುಟ್ಟಿ ನೋಡು. ಗಟ್ಟಿಯಿದ್ದರೆ ಮಣ್ಣು ಉದುರಿಸಿ ನಾಲ್ಕಾರು ದಿನ ನೆರಳಲ್ಲಿ ಒಣಗಿಸು. ತೂತಿರುವ ಮಣ್ಣಿನ ಕುಂಡಕ್ಕೆ ಗರಸು, ದಪ್ಪ ಉಸುಕು, ಇಟ್ಟಂಗಿ ಚೂರು ಹೆಚ್ಚಾಗಿ, ಮಣ್ಣು ಸ್ವಲ್ಪವೇ ಬೆರೆಸಿ ನೆಡು. ವಾರದ ತನಕ ಹನಿ ನೀರೂ ಬೇಡ. ಬುಡ ಪೂರ್ತಿ ಕೊಳೆತಿದ್ದರೆ ಇನ್ನೊಂದು ತರಬೇಕಾದೀತು. ಆಗ ಅಗ್ಗಕ್ಕೆ ಮರುಳಾಗಬೇಡ, ಬೀಜದಿಂದ ಬೆಳೆಸಿದ್ದೇ ಎಂದು ಕೇಳಿಯೇ ಕೊಳ್ಳು. ಅದರ ತವರಿನಲ್ಲಿ ಇಂಥ ಗಿಡಗಳನ್ನು ಅವು ಬೆಳೆದ ನೆಲದಿಂದಲೇ ಕದ್ದು ಅಗೆದು ಮಾರುವವರಿದ್ದಾರೆ.